ತಾಯ್ನಾಡಿನ ಹೊಗೆ

ಗ್ರೀಕರ ಆದಿಕವಿಯಾದ ಹೋಮರನ 'ಒಡಿಸ್ಸಿ' ಕಾವ್ಯದ ಮೊದಲಲ್ಲಿಯೇ ಒಂದು ಸಣ್ಣ ಸಂಗತಿ ಬರುತ್ತದೆ. ಟ್ರಾಯ್ ನಗರದ ಯುದ್ಧವನ್ನು ಮುಗಿಸಿ ಮನೆಗೆ ಹೊರಟ ಒಡಿಸ್ಯೂಸನು ಸಮುದ್ರಮಧ್ಯದ ದ್ವೀಪವೊಂದರಲ್ಲಿ ದೇವಾಂಗನೆಯೊಬ್ಬಳ ಸೆರೆಯಲ್ಲಿ ಏಳು ವರ್ಷ ಕಳೆಯುತ್ತಾನೆ. ಅಲ್ಲಿ ಅವನಿಗೆ ಅನ್ನಪಾನಗಳ ಕೊರತೆಯಿಲ್ಲ. ಅಮರತ್ವವನ್ನೇ ಕೊಡುವೆನೆಂದು ಆಕೆ ಆಸೆ ತೋರಿಸುತ್ತಾಳೆ. ಆದರೂ ಅವನು ತನ್ನ ನಾಡಿನ ನೆಲದಿಂದ ಮೇಲೇಳುವ ಹೊಗೆಯನ್ನಾದರೂ ಒಮ್ಮೆ ಕಂಡು ಪ್ರಾಣ ಬಿಟ್ಟರೂ ಸರಿಯೇ ಎಂದು ಹಂಬಲಿಸುತ್ತಿರುತ್ತಾನೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತಾರ್ಕಿಕರ ಹಳೆಯ ಉದಾಹರಣೆ; ಹೊಗೆಯನ್ನು ಕಂಡು ಮನೆಯನ್ನು ಊಹಿಸುವುದು ದಾರಿಹೋಕನ ಅನುಮಾನಪ್ರಮಾಣ. ಹೊಗೆಯಿದ್ದಲ್ಲಿ ಒಲೆಯುಂಟು, ಒಲೆಯಿದ್ದಲ್ಲಿ ಕಾದುಕೊಂಡಿರುವವರುಂಟು.

ಈ ಮಾತು ಲ್ಯಾಟಿನರಲ್ಲಿ ಗಾದೆಯಾಯಿತು. ಅವರಿಂದ ಯೂರೋಪಿನ ಇತರ ಭಾಷೆಗಳಿಗೆ ಹರಿದು, 1798ರಲ್ಲಿ ರಷ್ಯದ ಕವಿ ದೆರ್ಝಾವಿನನ ಲೇಖನಿಗೂ, ಆ ಬಳಿಕ ಗ್ರಿಬೊಯೆದೊವನ ಪ್ರಸಿದ್ಧ ನಾಟಕಕ್ಕೂ ಬಂದು ಸೇರಿ, ಅಲ್ಲಿಂದ ಮುಂದೆ ರಷ್ಯರ ಮನೆಮಾತೇ ಆಗಿಹೋಯಿತು. ಮನೆಯ ನೆನಪಿನ ಈ ಬೇಗುದಿಗೆ ವೈದ್ಯರು ಹೆಸರಿಟ್ಟದ್ದು 1688ರಲ್ಲಿ. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಯೊಹಾನೆಸ್ ಹೋಫರನೆಂಬ ತರುಣ ವಿದ್ಯಾರ್ಥಿಯು ತನ್ನ ಪ್ರಬಂಧದಲ್ಲಿ 'ಮರಳುವಿಕೆ' ಮತ್ತು 'ನೋವು' ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ 'ನಾಸ್ಟಾಲ್ಜಿಯ' ಎಂಬ ಶಬ್ದವನ್ನು ಕಟ್ಟಿದನು. ಬರ್ನಿನಿಂದ ಓದಲು ಬಂದು ಬಾಸೆಲಿನಲ್ಲಿ ಹಾಸಿಗೆ ಹಿಡಿದಿದ್ದ ಹುಡುಗನೊಬ್ಬನನ್ನು ಊರಿಗೆ ಕಳುಹಿಸಲು, ದಾರಿಯಲ್ಲಿಯೇ ಅವನು ಚೇತರಿಸಿಕೊಂಡನೆಂದು ಹೋಫರನು ಬರೆದಿದ್ದಾನೆ. ಊರಿಗೆ ಹೋಗುವುದೇ ಔಷಧ. ಆದರೆ ಹೋಗುವುದಕ್ಕೆ ಊರೇ ಉಳಿದಿಲ್ಲದವನಿಗೆ ಔಷಧ ಯಾವುದು? ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಪ್ಯಾರಿಸ್ ನಗರದಲ್ಲಿ ಈ ಪ್ರಶ್ನೆಗೆ ಒಂದು ವಿಚಿತ್ರವಾದ ಉತ್ತರ ದೊರೆಯಿತು. ತಾಯ್ನಾಡಿನ ಹೊಗೆಯು ಅಲ್ಲಿ ಒಂದು ಗಾಜಿನ ಶೀಶೆಯೊಳಕ್ಕೆ ಇಳಿಯಿತು. ಅದು ಇಳಿದ ಬಗೆಯನ್ನು ತಿಳಿಯಬೇಕಾದರೆ ಸುಗಂಧದ ಚರಿತ್ರೆಯನ್ನು ತುಸು ಹಿಂದಿನಿಂದ ನೋಡಬೇಕಾಗುತ್ತದೆ.

ಸುಗಂಧವು ಹುಟ್ಟಿದ್ದೇ ಹೊಗೆಯಲ್ಲಿ. ಇಂಗ್ಲಿಷಿನ 'ಪರ್‌ಫ್ಯೂಮ್' ಎಂಬ ಶಬ್ದದ ಮೂಲ 'ಹೊಗೆಯ ಮೂಲಕ' ಎಂಬ ಅರ್ಥದ ಲ್ಯಾಟಿನ್ ಮಾತು. ಪುರಾತನ ಈಜಿಪ್ಟಿನವರು ಮುಂಜಾನೆ ರಾಳವನ್ನೂ, ನಡುಹಗಲು ಬೋಳವನ್ನೂ, ಸಂಜೆ 'ಕೈಫಿ' ಎಂಬ ಕೂಟಧೂಪವನ್ನೂ ದೇವರ ಮುಂದೆ ಸುಡುತ್ತಿದ್ದರೆಂದು ಪ್ಲೂಟಾರ್ಕನು ಬರೆದಿದ್ದಾನೆ. ಈ ಕೈಫಿಯಲ್ಲಿ ಹದಿನಾರು ದ್ರವ್ಯಗಳಿದ್ದುವೆಂದು ಅವನ ಲೆಕ್ಕ. ಎಡ್ಫು ಮತ್ತು ಫಿಲೆ ಎಂಬೆಡೆಗಳ ದೇವಾಲಯದ ಗೋಡೆಗಳ ಮೇಲೆ ಅದರ ಪಾಕವಿಧಾನವನ್ನು ಕೆತ್ತಿರುವುದು ಇಂದಿಗೂ ಕಾಣಬರುತ್ತದೆ. ವಿಚಿತ್ರವೆಂದರೆ ಹದಿನಾರರ ಈ ಸಂಖ್ಯೆ ಭಾರತದಲ್ಲಿಯೂ ಎದುರಾಗುತ್ತದೆ. ಆರನೆಯ ಶತಮಾನದ ವರಾಹಮಿಹಿರನು 'ಬೃಹತ್ಸಂಹಿತೆ'ಯ ಗಂಧಯುಕ್ತಿಯ ಅಧ್ಯಾಯದಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸುವ ಬಗೆಗಳನ್ನು ಎಣಿಸಿ 1820 ಎಂದು ಹೇಳಿದ್ದಾನೆ. ಗಣಿತವೂ ಗಂಧವೂ ಒಂದೇ ಪುಟದಲ್ಲಿ ಕೂಡಿಬಂದ ಉದಾಹರಣೆಗಳು ಜಗತ್ತಿನಲ್ಲಿ ಹೆಚ್ಚು ಇರಲಾರವು.

ಕನ್ನಡ ನಾಡಿನಲ್ಲಿಯೂ ಈ ಶಾಸ್ತ್ರಕ್ಕೆ ಗೌರವದ ಸ್ಥಾನವಿದ್ದಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು ಕ್ರಿ. ಶ. 1025ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಅಡಿಗೆ, ಗಿಡಮರಗಳ ಆರೈಕೆ, ಬಾವಿಗೆ ನೀರು ನೋಡುವುದು ಮುಂತಾದ ಸಂಸಾರಿಗಳ ವಿಷಯಗಳ ಜೊತೆಗೆ ಸುಗಂಧಗಳನ್ನು ಮಾಡುವ ಕ್ರಮಗಳೂ ಬಂದಿವೆ. ಒಂದು ಶತಮಾನ ಕಳೆದ ಮೇಲೆ ಅದೇ ವಂಶದ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳ ಸಾಲಿನಲ್ಲಿ ಧೂಪಭೋಗವನ್ನೂ ಎಣಿಸಿದನು. ಗಂಧಶಾಸ್ತ್ರಕಾರರು ದ್ರವ್ಯಗಳನ್ನು ಸಂಸ್ಕರಿಸುವ ಕ್ರಮಗಳಲ್ಲಿ ಧೂಪನವನ್ನೂ ಹೇಳುತ್ತಾರೆ. ಅಂದರೆ ಸುಗಂಧವನ್ನು ಸುಟ್ಟು ಹೊಗೆ ಮಾಡುವುದಲ್ಲದೆ, ಸುಗಂಧಕ್ಕೇ ಹೊಗೆ ಹಿಡಿಸುವುದೂ ಒಂದು ಕಲೆಯಾಗಿದ್ದಿತು. ಎಣ್ಣೆ ನೀರು ಎರೆದುಕೊಂಡ ಬಾಣಂತಿಯ ಕೂದಲಿಗೆ ಸಾಂಬ್ರಾಣಿಯ ಹೊಗೆ ಹಿಡಿಯುವ ಮನೆಗಳಲ್ಲಿ ಈ ಶಾಸ್ತ್ರವು ಪುಸ್ತಕದ ನೆರವಿಲ್ಲದೆಯೇ ಉಳಿದುಬಂದಿದೆ.

ಯೂರೋಪಿನಲ್ಲಿ ಹೀಗಾಗಲಿಲ್ಲ. ಅರಬ್ಬರ ದೇಶದಲ್ಲಿ ಬಟ್ಟಿಯಿಳಿಸುವ ವಿದ್ಯೆ ಬೆಳೆದು, ಒಂಬತ್ತನೆಯ ಶತಮಾನದ ಅಲ್ ಕಿಂದಿಯಂಥ ಪಂಡಿತರು ಗ್ರಂಥಗಳನ್ನು ಬರೆದ ಮೇಲೆ, ಸುಗಂಧವು ಬೆಂಕಿಯ ಕೆಂಡವನ್ನು ಬಿಟ್ಟು ದ್ರವದ ರೂಪವನ್ನು ತಾಳಿತು. ಮುಂದೆ ಮದ್ಯಸಾರದಲ್ಲಿ ಹೂವು ಹಣ್ಣುಗಳ ಎಣ್ಣೆಗಳನ್ನು ಕರಗಿಸುವುದು ರೂಢಿಯಾಯಿತು. ಇಟಲಿಯ ಬೆಟ್ಟದೂರಿನಿಂದ ಜರ್ಮನಿಯ ಕೊಲೋನ್ ನಗರಕ್ಕೆ ಬಂದು ನೆಲಸಿದ ಫರೀನನೆಂಬ ವರ್ತಕನು 1709ರಲ್ಲಿ ಅಂಗಡಿ ತೆರೆದು ಮಾರತೊಡಗಿದ 'ಕೊಲೋನಿನ ನೀರು' ಈ ಹೊಸ ರುಚಿಯ ಧ್ವಜವೇ ಆಯಿತು. ಮಳೆ ನಿಂತ ಬಳಿಕ ಇಟಲಿಯ ವಸಂತದ ಬೆಳಗು ಹೇಗಿರುವುದೋ ಹಾಗಿದೆ ತನ್ನ ಪರಿಮಳವೆಂದು ಆತನು ಸೋದರನಿಗೆ ಹೇಳಿಕೊಂಡನೆಂದು ಪ್ರಸಿದ್ಧಿ. ಪರದೇಶದಲ್ಲಿ ಕುಳಿತವನೊಬ್ಬನು ತನ್ನ ಊರಿನ ಬಯಲನ್ನು ಶೀಶೆಯಲ್ಲಿ ಹಿಡಿಯಲು ಹೊರಟ ಕಥೆ ಇದೂ ಹೌದು. ಆದರೆ ಅದರಲ್ಲಿ ಹೊಗೆಗೆ ಎಡೆಯಿರಲಿಲ್ಲ. ಹೊಗೆಯು ಅಡಿಗೆಮನೆಗೂ, ಕಮ್ಮಾರಸಾಲೆಗೂ, ಬಡವನ ಅಂಗಿಗೂ ಸೇರಿದ ವಾಸನೆಯೆಂದು ಸಭ್ಯರ ಮೂಗು ತೀರ್ಮಾನ ಮಾಡಿಬಿಟ್ಟಿತ್ತು.

ಅಷ್ಟರಲ್ಲಿ ಯೂರೋಪಿನ ಪೂರ್ವದ ಅಂಚಿನಲ್ಲಿ ಒಂದು ಇಡಿಯ ಜನಾಂಗವು ಹೊಗೆಯ ದ್ರವದಲ್ಲಿಯೇ ಮಿಂದು ಬದುಕುತ್ತಿದ್ದಿತು. ಹಿಮಾಲಯದಲ್ಲಿ ಬೆಳೆದು ಪ್ರಾಚೀನ ಭಾರತದ ವಿದ್ವಾಂಸರಿಗೆ ಬರೆಯುವ ಹಾಳೆಯನ್ನು ಒದಗಿಸಿದ ಭೂರ್ಜವೃಕ್ಷವನ್ನು ವಾಚಕರು ಹೆಸರಿನಿಂದಲಾದರೂ ಬಲ್ಲರು. ರಷ್ಯದ ಕಾಡುಗಳಲ್ಲಿ ಅದರ ಸೋದರಜಾತಿಯ ಮರಗಳು ಗಾವುದಗಟ್ಟಲೆ ಬಿಳಿಯ ಕಾಂಡಗಳನ್ನು ನೆಟ್ಟಗೆ ನಿಲ್ಲಿಸಿಕೊಂಡು ಬೆಳೆಯುತ್ತವೆ. ಸಂಸ್ಕೃತದ 'ಭೂರ್ಜ', ಇಂಗ್ಲಿಷಿನ 'ಬರ್ಚ್', ರಷ್ಯದ 'ಬೆರ್ಯೋಜ' ಎಂಬ ಮೂರೂ ಒಂದೇ ಬೇರಿನ ಶಬ್ದಗಳೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಭಾರತದಲ್ಲಿ ಈ ಮರದ ತೊಗಟೆಯ ಮೇಲೆ ಬರೆದರು; ರಷ್ಯದಲ್ಲಿ, ಬರೆದುದೂ ಉಂಟಾದರೂ, ಹೆಚ್ಚಾಗಿ ಅದನ್ನು ಬೇಯಿಸಿದರು.

ಬೇಯಿಸುವ ಕ್ರಮ ಹೀಗೆ. ತೊಗಟೆಯನ್ನು ಒಂದು ಮಡಕೆಯಲ್ಲಿ ಅದುಮಿ ತುಂಬಿ, ಗಾಳಿಯಾಡದಂತೆ ಬಾಯಿಗೆ ಮಣ್ಣು ಮೆತ್ತುತ್ತಾರೆ. ಅಡಿಯಲ್ಲಿ ಒಂದು ರಂಧ್ರ. ಅದರ ಕೆಳಗೆ ನೆಲದಲ್ಲಿ ಹೂತ ಇನ್ನೊಂದು ಪಾತ್ರೆ. ಮೇಲಿನ ಮಡಕೆಯ ಸುತ್ತಲೂ ಬೆಂಕಿ ಹಾಕಿದರೆ ಒಳಗಿನ ತೊಗಟೆಯು ಗಾಳಿ ಸಿಕ್ಕದೆ ಉರಿಯಲಾರದು, ಬಿಸಿ ತಾಳದೆ ಸುಮ್ಮನಿರಲೂ ಆರದು. ಹೊಗೆಯಾಗಿ ಹೊರಬೀಳಬೇಕಾದುದು ಕರಿಯ ಜಿಗಟು ದ್ರವವಾಗಿ ಕೆಳಕ್ಕೆ ತೊಟ್ಟಿಕ್ಕುತ್ತದೆ. ಆಯುರ್ವೇದದ ಪಾತಾಲಯಂತ್ರವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳತಕ್ಕದ್ದಿಲ್ಲ. ಈ ದ್ರವಕ್ಕೆ ರಷ್ಯರ ಹೆಸರು 'ದ್ಯೋಗತ್'. ಗಾಡಿಯ ಅಚ್ಚಿಗೆ ಹಚ್ಚುವ ವಸ್ತುವಾದ್ದರಿಂದ ಕನ್ನಡದಲ್ಲಿ ಕೀಲೆಣ್ಣೆ ಎಂದರೆ ತಪ್ಪಾಗಲಾರದು. ಮರದ ಗಟ್ಟಿತನಕ್ಕೆ ಕಾರಣವಾದ 'ಲಿಗ್ನಿನ್' ಎಂಬ ವಸ್ತುವು ಶಾಖದಿಂದ ಒಡೆದಾಗ ಹುಟ್ಟುವ ಗ್ವಾಯಕಾಲ್, ಕ್ರಿಸಾಲ್ ಮೊದಲಾದವು ಇದರಲ್ಲಿ ತುಂಬಿರುತ್ತವೆ. ಕಟ್ಟಿಗೆಯ ಹೊಗೆಗೆ ಆ ಕಂಪನ್ನು ಕೊಡುವುದೂ ಈ ಬಗೆಯ ವಸ್ತುಗಳೇ. ಆದುದರಿಂದ ದ್ಯೋಗತ್ ಹೊಗೆಯ ವಾಸನೆಯುಳ್ಳ ಎಣ್ಣೆಯೆನ್ನುವುದಕ್ಕಿಂತ ಹೊಗೆಯೇ ನೀರಾದುದು ಎಂದರೆ ಸರಿಯಾದೀತು. ವಿದ್ಯೆಯೇನೋ ಬಹಳ ಹಳೆಯದು. ಇಟಲಿಯಲ್ಲಿ ಎರಡು ಲಕ್ಷ ವರ್ಷಗಳಷ್ಟು ಹಿಂದಿನ ಕಲ್ಲಿನ ಚಕ್ಕೆಗಳಿಗೆ ಈ ಕೀಲು ಅಂಟಿಕೊಂಡಿರುವುದು ದೊರೆತಿದೆ. ಆ ಕೈಗಳು ಇಂದಿನ ಮನುಷ್ಯಜಾತಿಯವೂ ಅಲ್ಲ, ನಿಯಾಂಡರ್ತಲರವು.

ರಷ್ಯದ ಹಳ್ಳಿಗನು ಇದನ್ನು ಗಾಡಿಯ ಅಚ್ಚಿಗೆ ಸವರಿದನು, ಪಾದರಕ್ಷೆಗೆ ಬಳಿದನು, ಹಗ್ಗಕ್ಕೆ ತಿಕ್ಕಿದನು, ದನದ ಹುಣ್ಣಿಗೂ ತನ್ನ ಕಜ್ಜಿಗೂ ಹಚ್ಚಿದನು. ಅವನು ಬಂದರೆ ಅವನಿಗಿಂತ ಮೊದಲು ಅವನ ಬೂಟಿನ ವಾಸನೆ ಬರುತ್ತಿತ್ತು. ಆದರೆ ಅದನ್ನು ಪರಿಮಳವೆಂದು ಅವನೂ ಎಣಿಸಿರಲಿಲ್ಲ. ಒಂದು ಪೀಪಾಯಿ ಜೇನು ಕೆಡುವುದಕ್ಕೆ ಒಂದು ಚಮಚೆ ದ್ಯೋಗತ್ ಸಾಕೆಂಬುದು ಆ ನಾಡಿನ ಗಾದೆ. ಇನ್ನೂ ಕಠೋರವಾದ ಬಳಕೆಯೊಂದಿದ್ದಿತು: ಯಾವ ಮನೆಯ ಹೆಣ್ಣುಮಗಳ ನಡತೆಯ ಮೇಲೆ ಊರಿನವರಿಗೆ ಸಂಶಯ ಬಂದಿತೋ ಆ ಮನೆಯ ಬಾಗಿಲಿಗೆ ರಾತ್ರೋರಾತ್ರಿ ಇದನ್ನು ಬಳಿದುಹೋಗುತ್ತಿದ್ದರು. ಬೆಳಗಾದರೆ ಕಣ್ಣಿಗೆ ಕಪ್ಪು, ಮೂಗಿಗೆ ಘಾಟು, ತೊಳೆದರೆ ಹೋಗದು. ಹೀಗೆ ಒಂದೇ ವಸ್ತುವು ದುಡಿಮೆಯ ಗುರುತೂ ಅಪಮಾನದ ಗುರುತೂ ಆಗಿದ್ದಿತೆಂಬುದನ್ನು ಮುಂದಿನ ಕಥೆಗಾಗಿ ನೆನಪಿನಲ್ಲಿಡಬೇಕು.

ಈ ವಾಸನೆಯನ್ನು ರಷ್ಯದ ಗಡಿಯಿಂದಾಚೆಗೆ ಕೊಂಡೊಯ್ದುದು 'ಯುಫ್ತ' ಎಂಬ ತೊಗಲು. ಕನ್ನಡ ನಾಡಿನ ಚರ್ಮಕಾರರಿಗೆ ತಂಗಡಿಯ ತೊಗಟೆ ಹೇಗೋ ಹಾಗೆ ರಷ್ಯದವರಿಗೆ ವಿಲೋ ಮರದ ತೊಗಟೆ. ಅದರಲ್ಲಿ ಹದಮಾಡಿದ ಚರ್ಮಕ್ಕೆ ಜಲಪ್ರಾಣಿಗಳ ಕೊಬ್ಬಿನೊಂದಿಗೆ ಭೂರ್ಜದ ಕೀಲೆಣ್ಣೆಯನ್ನು ಬೆರಸಿ ಊಡಿಸಿದರೆ ಅದು ಮೆತ್ತಗಾಗುತ್ತಿತ್ತು, ನೀರಿಗೆ ಬಗ್ಗುತ್ತಿರಲಿಲ್ಲ, ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ಹದಿನೇಳನೆಯ ಶತಮಾನದಿಂದಲೇ ಇದು ಹಡಗುಗಟ್ಟಲೆ ಪಶ್ಚಿಮ ಯೂರೋಪಿಗೆ ಹೋಗುತ್ತಿದ್ದಿತು. ಶ್ರೀಮಂತರ ಕುರ್ಚಿ, ಪೆಟ್ಟಿಗೆ, ಪುಸ್ತಕದ ರಟ್ಟುಗಳೆಲ್ಲ ಇದರಿಂದಾದುವು. ರಷ್ಯದಲ್ಲಿ ಬೂಟಿನ ನಾತವಾಗಿದ್ದುದು ಲಂಡನ್ನಿನಲ್ಲಿ ಗ್ರಂಥಾಲಯದ ಕಂಪಾಯಿತು. 1786ನೆಯ ಇಸವಿಯಲ್ಲಿ ಸೆಂಟ್ ಪೀಟರ್ಸ್‌ಬರ್ಗಿನಿಂದ ಇಟಲಿಯ ಜೆನೋವಾ ಬಂದರಿಗೆ ಸೆಣಬನ್ನೂ ಈ ತೊಗಲಿನ ಸುರುಳಿಗಳನ್ನೂ ಹೊತ್ತು ಹೊರಟ 'ಮೆಟ್ಟಾ ಕ್ಯಾಥರಿನ' ಎಂಬ ಹಡಗು ಡಿಸೆಂಬರ್ 10ರಂದು ಇಂಗ್ಲೆಂಡಿನ ಪ್ಲಿಮತ್ ಕೊಲ್ಲಿಯಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅಂದಿನ ಮಟ್ಟಿಗೆ ಅದು ವರ್ತಕರ ನಷ್ಟವಷ್ಟೇ. ಆ ಹಡಗಿನ ಮಾತು ಕಡೆಗೆ ಮತ್ತೊಮ್ಮೆ ಬರುವುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ ಮತ್ತು ಲಂಡನ್ನಿನ ಗಂಧವಣಿಕರು 'ರಷ್ಯದ ತೊಗಲು' ಎಂಬ ಹೆಸರಿನಲ್ಲಿಯೇ ಕೈವಸ್ತ್ರಕ್ಕೆ ಹಾಕಿಕೊಳ್ಳುವ ಪರಿಮಳಗಳನ್ನು ಮಾಡತೊಡಗಿದರು. ನೆಪೋಲಿಯನ್ನನನ್ನು ಸೋಲಿಸಿ 1814ರಲ್ಲಿ ಪ್ಯಾರಿಸನ್ನು ಹೊಕ್ಕ ಕೊಸಾಕ್ ಸವಾರರ ಬೂಟುಗಳಿಂದಲೇ ಫ್ರೆಂಚರಿಗೆ ಈ ವಾಸನೆಯ ಪರಿಚಯವಾಯಿತೆಂದು ಒಂದು ಕಥೆಯನ್ನು ಹೇಳುವುದುಂಟು. ಕೊಸಾಕರು ಆ ನಗರದ ದೊಡ್ಡ ಬೀದಿಯ ಮರಗಳ ನೆರಳಿನಲ್ಲಿ ಬೀಡುಬಿಟ್ಟುದು ನಿಜ. ಆದರೆ ಅದಕ್ಕೆ ನೂರು ವರ್ಷಕ್ಕೂ ಮೊದಲೇ ಯುಫ್ತದ ಸುರುಳಿಗಳು ಪಶ್ಚಿಮದ ಬಂದರುಗಳಲ್ಲಿ ಇಳಿಯುತ್ತಿದ್ದುವಾದ್ದರಿಂದ, ಕಥೆಯು ಎಷ್ಟೇ ಸೊಗಸಾಗಿದ್ದರೂ ಚರಿತ್ರೆಯೆನಿಸಿಕೊಳ್ಳಲಾರದು. ಮಾರುವವರಿಗೆ ಕುದುರೆಯೂ ಕತ್ತಿಯೂ ಬೇಕಾಗುತ್ತವೆ. ಬಂದರಿನ ಲೆಕ್ಕದ ಪುಸ್ತಕವನ್ನು ಕಟ್ಟಿಕೊಂಡು ಅವರಿಗೇನಾಗಬೇಕು? ಆ ಕಾಲದ ಈ ಪರಿಮಳಗಳು ಪರದೇಶದ ಬೆಡಗನ್ನು ಬಯಸಿದವರಿಗಾಗಿ ಮಾಡಿದಂಥವು. ಅವುಗಳಲ್ಲಿ ಯಾರ ನೆನಪೂ ಇರಲಿಲ್ಲ, ಏಕೆಂದರೆ ಕೊಳ್ಳುವವರಾರೂ ರಷ್ಯದಲ್ಲಿ ಏನನ್ನೂ ಕಳೆದುಕೊಂಡಿರಲಿಲ್ಲ.

ಕಳೆದುಕೊಂಡವರು ಬಂದದ್ದು 1917ರ ಕ್ರಾಂತಿಯ ನಂತರ. ಅಂತರ್ಯುದ್ಧವು ಮುಗಿಯುವ ಹೊತ್ತಿಗೆ ಹತ್ತು ಲಕ್ಷಕ್ಕೂ ಮಿಕ್ಕ ಜನರು ರಷ್ಯವನ್ನು ಬಿಟ್ಟು ಹೊರಬಿದ್ದಿದ್ದರು. 1921ರ ಡಿಸೆಂಬರಿನಲ್ಲಿ ಹೊಸ ಸರಕಾರವು ಇಂಥವರ ಪೌರತ್ವವನ್ನೇ ತೆಗೆದುಹಾಕಿತು. ಮರುವರ್ಷ ನಾರ್ವೆಯ ನಾನ್ಸೆನನ ಪ್ರಯತ್ನದಿಂದ ಅವರಿಗೆ ಒಂದು ಬಗೆಯ ರಹದಾರಿ ದೊರೆಯಿತು. ಅದನ್ನು ಹಿಡಿದು ಗಡಿ ದಾಟಬಹುದಾಗಿತ್ತು, ಮನೆಗೆ ಹೋಗುವಂತಿರಲಿಲ್ಲ. ಪ್ಯಾರಿಸಿನಲ್ಲಿ ಸೇನಾಧಿಕಾರಿಗಳಾಗಿದ್ದವರು ಬಾಡಿಗೆಯ ಮೋಟಾರು ನಡೆಸಿದರು, ಬಿಯಾಂಕೂರಿನ ಮೋಟಾರು ಕಾರ್ಖಾನೆಯಲ್ಲಿ ಕೂಲಿಗೆ ನಿಂತರು. ಚಕ್ರವರ್ತಿಯ ಬಂಧುವಾದ ಮಾರಿಯಾ ಪಾವ್ಲೊವ್ನಾ ಕಸೂತಿಯ ಕಾರ್ಖಾನೆ ತೆರೆದು, ಉಡುಪಿನ ವ್ಯಾಪಾರದಲ್ಲಿ ಆಗತಾನೆ ಹೆಸರು ಮಾಡುತ್ತಿದ್ದ ಗಾಬ್ರಿಯೆಲ್ ಶನೆಲ್ ಎಂಬಾಕೆಗೆ ಸೂಜಿಕೆಲಸ ಒದಗಿಸಿದಳು. ಮಾರಿಯಾಳ ತಮ್ಮ ದ್ಮೀತ್ರಿಯು ರಾಸ್ಪುಟಿನನ ಕೊಲೆಯಲ್ಲಿ ಪಾಲುಗೊಂಡು, ಅದಕ್ಕಾಗಿ ಪರ್ಷಿಯದ ಗಡಿಗೆ ಅಟ್ಟಲ್ಪಟ್ಟು, ಆ ಶಿಕ್ಷೆಯ ದೆಸೆಯಿಂದಲೇ ಕ್ರಾಂತಿಯಲ್ಲಿ ತಲೆ ಉಳಿಸಿಕೊಂಡವನು. ಶನೆಲಳಿಗೂ ಎರ್ನೆಸ್ಟ್ ಬೋ ಎಂಬ ಗಂಧಕಾರನಿಗೂ ಪರಿಚಯ ಮಾಡಿಕೊಟ್ಟವನು ಇವನೇ ಎಂದು ಪ್ರತೀತಿಯಿದೆ.

ಈ ಬೋ ಎಂಬವನ ಸ್ಥಿತಿ ವಿಲಕ್ಷಣವಾದುದು. ವಂಶದಿಂದ ಫ್ರೆಂಚನು, ಹುಟ್ಟಿದುದು 1881ರಲ್ಲಿ, ಮಾಸ್ಕೋ ನಗರದಲ್ಲಿ. ಅಲ್ಲಿಯೇ ಅಲ್ಫಾನ್ಸ್ ರಲ್ಲೆಯು 1843ರಲ್ಲಿ ಸ್ಥಾಪಿಸಿದ ಸುಗಂಧದ ಕಾರ್ಖಾನೆಯಲ್ಲಿ ವಿದ್ಯೆ ಕಲಿತು, ರೊಮಾನೊವ್ ವಂಶದ ಮುನ್ನೂರನೆಯ ವರ್ಷದ ಉತ್ಸವಕ್ಕೆಂದು 1913ರಲ್ಲಿ ಕ್ಯಾಥರಿನ್ ರಾಣಿಯ ಹೆಸರಿನ ಪರಿಮಳವನ್ನು ಮಾಡಿಕೊಟ್ಟು ಕೀರ್ತಿ ಪಡೆದವನು. ಯುದ್ಧದಲ್ಲಿ ಫ್ರೆಂಚ್ ಸೈನ್ಯವನ್ನು ಸೇರಿ ಉತ್ತರಧ್ರುವದ ವೃತ್ತದಾಚೆಗಿನ ಪ್ರದೇಶದಲ್ಲಿಯೂ ಸೇವೆ ಮಾಡಿದನು. ಅವನು ಹುಟ್ಟೂರಿಗೆ ಮರಳುವಂತಿಲ್ಲದಾಗ ಹೋದದ್ದು ಪಿತೃಗಳ ದೇಶಕ್ಕೇ. ಕಾಗದಪತ್ರಗಳ ಪ್ರಕಾರ ಅವನು ಮನೆಗೆ ಬಂದಿದ್ದನು, ಮನಸ್ಸಿನ ಪ್ರಕಾರ ಮನೆ ಬಿಟ್ಟಿದ್ದನು. ಅವನು 1921ರಲ್ಲಿ ಶನೆಲಳಿಗೆ ಮಾಡಿಕೊಟ್ಟ 'ಐದನೆಯ ನಂಬರು' ಜಗತ್ಪ್ರಸಿದ್ಧವಾಯಿತು. ನಡುರಾತ್ರಿಯಲ್ಲಿಯೂ ಸೂರ್ಯ ಮುಳುಗದ ಆ ಉತ್ತರದ ಕೆರೆ ಹೊಳೆಗಳ ತಂಪೇ ಅದಕ್ಕೆ ಪ್ರೇರಣೆಯೆಂದು ಅವನು ಮುಂದೆ ಹೇಳಿದುದು 1946ರಲ್ಲಿ ಅಚ್ಚಾಗಿದೆ. ಕೆಲವು ವರ್ಷಗಳಲ್ಲಿಯೇ, ದಶಕದ ನಡುಭಾಗದಲ್ಲಿ, ಅವನು ಅದೇ ಅಂಗಡಿಗೆ 'ರಷ್ಯದ ತೊಗಲು' ಎಂಬ ಹಳೆಯ ಹೆಸರಿನ ಹೊಸ ಪರಿಮಳವನ್ನು ರಚಿಸಿದನು.

ಹೆಸರು ಹಳೆಯದಾದರೂ ವಸ್ತು ಬೇರೆ. ಮೊದಲು ಕಿತ್ತಳೆಯ ಜಾತಿಯ ಹಣ್ಣುಗಳ ಚುರುಕು. ಅದರ ಹಿಂದೆ ಮಲ್ಲಿಗೆ, ಗುಲಾಬಿ, ಐರಿಸ್ ಬೇರಿನ ಪುಡಿಯಂಥ ಕಂಪು. ಇವೆಲ್ಲದರ ಅಡಿಯಲ್ಲಿ, ದೂರದ ಬಯಲಿನಲ್ಲಿ ಯಾರೋ ಬೆಂಕಿ ಹಾಕಿ ಎದ್ದುಹೋದಂತೆ, ಭೂರ್ಜದ ಕೀಲು. ಪೀಪಾಯಿ ಜೇನನ್ನು ಒಂದು ಚಮಚೆ ದ್ಯೋಗತ್ ಕೆಡಿಸುವುದೆಂಬ ಗಾದೆಯನ್ನು ಆ ಗಂಧಕಾರನು ತಲೆಕೆಳಗು ಮಾಡಿದನು: ಹೂವಿನ ಜೇನಿಗೆ ಅವನು ಬೆರಸಿದ ಆ ಕರಿಯ ತೊಟ್ಟು ಇಲ್ಲದಿದ್ದರೆ ಅದು ಇನ್ನೊಂದು ಹೂವಿನ ನೀರಾಗುತ್ತಿತ್ತೇ ಹೊರತು ಯಾರ ಕಣ್ಣನ್ನೂ ಒದ್ದೆ ಮಾಡುತ್ತಿರಲಿಲ್ಲ. ಪ್ರಮಾಣದಲ್ಲಿಯೇ ಕೌಶಲವಿರುವುದು. ಕೀಲು ಹೆಚ್ಚಾದರೆ ಗಾಡಿಯ ಅಚ್ಚು, ಕಡಿಮೆಯಾದರೆ ಬರಿಯ ಮಲ್ಲಿಗೆ.

ಆದರೆ ಆ ಶೀಶೆಯನ್ನು ಕೊಂಡವರಾರು? ಬೆಲೆಯನ್ನು ತೆರಬಲ್ಲವರು, ಅಂದರೆ ಬಹುಮಟ್ಟಿಗೆ ಫ್ರೆಂಚರೂ ಅಮೆರಿಕದವರೂ. ಮೋಟಾರು ನಡೆಸುತ್ತಿದ್ದ ರಷ್ಯದವನಲ್ಲ. ದ್ಯೋಗತ್ ಬಳಿದ ಬೂಟಿನ ರೈತನಂತೂ ದೇಶವನ್ನು ಬಿಟ್ಟೇ ಇರಲಿಲ್ಲ. ದುಡಿಯುವವನ ಮೈಯ ವಾಸನೆಯು ದುಡಿಯದವನ ಕೊರಳಿನ ಕಂಪಾದುದನ್ನು ಕಂಡು ನಗಬಹುದು. ನಗುವುದಕ್ಕೆ ಕಾರಣವೂ ಉಂಟು. ಬೇಟೆಗೂ ಬೇಸಗೆಯ ಬಿಡಾರಕ್ಕೂ ಹೋದಾಗ ಆ ಹೊಗೆಯನ್ನು ಕಂಡಿದ್ದ ಜಮೀನುದಾರರ ಮಕ್ಕಳಿಗೆ ಅದು ಇನಿದಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಆ ಬೆಂಕಿಯನ್ನು ಅವರು ಊದಿರಲಿಲ್ಲ. ಬಾಗಿಲಿಗೆ ಕೀಲು ಬಳಿಸಿಕೊಂಡ ಮನೆಯ ಹುಡುಗಿಗೆ ಆ ಶೀಶೆ ಏನನ್ನು ನೆನಪಿಗೆ ತರುತ್ತಿತ್ತೆಂದು ಕೇಳಿದವರಿಲ್ಲ. ಹೊಗೆಯ ನೆನಪು ಎಲ್ಲೆಡೆಯೂ ಹೀಗೆಯೇ ಇಬ್ಬಗೆಯದು. ಆಲೆಮನೆಯ ಹೊಗೆ, ಬಚ್ಚಲ ಹಂಡೆಯ ಒಲೆಯ ಹೊಗೆ, ಸುಗ್ಗಿಯ ಕಣದ ಬೆಂಕಿಯ ಹೊಗೆ, ಇವುಗಳನ್ನು ನೆನೆದು ನಿಟ್ಟುಸಿರುಬಿಡುವ ಕನ್ನಡಿಗರಲ್ಲಿ ಎಷ್ಟು ಮಂದಿ ಊದುಗೊಳವೆ ಹಿಡಿದವರು? ಒಲೆಯ ಹೊಗೆಯೇ ಮುಖ್ಯವಾದ ಮನೆಯೊಳಗಿನ ಕೆಟ್ಟ ಗಾಳಿಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಅಕಾಲಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಭೂರ್ಜದ ಕೀಲಿನಲ್ಲಿಯೂ ಅಂಥದೇ ವಿಷಾಂಶಗಳಿವೆಯೆಂದು ತಿಳಿದುಬಂದ ಮೇಲೆ, ಅದನ್ನು ಶುದ್ಧಮಾಡದೆ ಸುಗಂಧಗಳಲ್ಲಿ ಬಳಸಬಾರದೆಂದು ಆ ಉದ್ಯಮದವರೇ ಕಟ್ಟುಮಾಡಿಕೊಂಡಿದ್ದಾರೆ. ಈಗ ಶೀಶೆಯಲ್ಲಿರುವುದು ಹಲ್ಲು ಕಿತ್ತ ಹೊಗೆ.

ಇಷ್ಟಾದರೂ ಆ ಹಂಬಲವನ್ನು ಬೂಟಾಟಿಕೆಯೆಂದು ತಳ್ಳಿಹಾಕುವುದು ನ್ಯಾಯವಾಗಲಾರದು. ಕಣ್ಣು ಕಿವಿಗಳ ಸಂವೇದನೆಯು ಮಿದುಳಿನ ಬೇರೆ ಠಾಣೆಯೊಂದನ್ನು ಹಾಯ್ದು ಮುಂದುವರಿಯುತ್ತದೆ. ಮೂಗಿನ ಸಂವೇದನೆಯಾದರೋ ಭಾವನೆ ಮತ್ತು ನೆನಪುಗಳ ಕೇಂದ್ರಗಳಿಗೆ ಬಹುಮಟ್ಟಿಗೆ ನೇರವಾಗಿಯೇ ಹೋಗಿ ಮುಟ್ಟುತ್ತದೆ. ಸ್ವೀಡನ್ನಿನಲ್ಲಿ ವೃದ್ಧರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಒಂದು ಪರಿಶೋಧನೆಯಲ್ಲಿ, ಪದಗಳನ್ನು ಕೇಳಿ ಎದ್ದುಬಂದ ನೆನಪುಗಳು ಹೆಚ್ಚಾಗಿ ಹರೆಯದ ಕಾಲದವಾಗಿದ್ದುವು, ವಾಸನೆಗಳಿಂದ ಎದ್ದುಬಂದವು ಬಹುತೇಕ ಹತ್ತು ವರ್ಷದೊಳಗಿನ ಬಾಲ್ಯದವು. ಹತ್ತು ವರ್ಷದ ಹುಡುಗನಿಗೆ ಜಮೀನುದಾರಿಕೆಯೂ ತಿಳಿಯದು, ಕ್ರಾಂತಿಯೂ ತಿಳಿಯದು. ಸಂಜೆಯ ಬೆಂಕಿಯ ಸುತ್ತ ಯಾರು ಯಾರು ಕುಳಿತಿದ್ದರೆಂಬುದು ಮಾತ್ರ ತಿಳಿದಿರುತ್ತದೆ.

ಭಾರತದಲ್ಲಿ ಬಯಲಿನ ವಾಸನೆಯನ್ನು ಶೀಶೆಯಲ್ಲಿ ಹಿಡಿದವರು ಉತ್ತರಪ್ರದೇಶದ ಕನೋಜಿನ ಅತ್ತರುಗಾರರು. ಬೇಯಿಸಿದ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಯಿಸಿ, ಅದರ ಉಗಿಯನ್ನು ಬಿದಿರಿನ ನಳಿಗೆಯ ಮೂಲಕ ಶ್ರೀಗಂಧದ ಎಣ್ಣೆಯಿರುವ ಪಾತ್ರೆಗೆ ಹಾಯಿಸಿದರೆ, ಮೊದಲ ಮಳೆ ಬಿದ್ದ ನೆಲದ ಕಂಪಿನ 'ಮಿಟ್ಟಿ ಅತ್ತರು' ದೊರೆಯುತ್ತದೆ. ಆಸ್ಟ್ರೇಲಿಯದ ವಿಜ್ಞಾನಿಗಳಾದ ಬೇರ್ ಮತ್ತು ಥಾಮಸ್ ಎಂಬವರು 1964ರಲ್ಲಿ ಈ ಕಂಪಿಗೆ 'ಪೆಟ್ರಿಕೋರ್' ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟಾಗ, ಕನೋಜಿನವರು ಅದನ್ನು ಬಹುಕಾಲದಿಂದ ಮಾರುತ್ತಿದ್ದಾರೆಂಬುದನ್ನು ಮರೆಯದೆ ಹೇಳಿದರು. ಅದೇ ಊರಿನವರು ರಾಳ, ಲೋಬಾನ, ಕಡಲ ಚಿಪ್ಪುಗಳನ್ನು ಒಣಗಡಿಗೆಯಲ್ಲಿ ಸುಟ್ಟು 'ಚೋಯ'ವೆಂಬ ಹೊಗೆಗಂಪಿನ ಎಣ್ಣೆಗಳನ್ನೂ ಇಳಿಸುತ್ತಾರೆ. ರಷ್ಯದ ಮಡಕೆಗೂ ಇದಕ್ಕೂ ತತ್ತ್ವ ಒಂದೇ. ಆದರೆ ಇಲ್ಲಿ ಹೊಗೆಯನ್ನು ಮೊದಲಿನಿಂದಲೂ ಸುಗಂಧದ ಕುಲದಿಂದ ಹೊರಗೆ ಹಾಕಿರಲಿಲ್ಲವಾದ್ದರಿಂದ ಅದನ್ನು ಒಳಕ್ಕೆ ಕರೆದುಕೊಳ್ಳಲು ಒಂದು ಕ್ರಾಂತಿಯಾಗಬೇಕಾಗಲಿಲ್ಲ.

ಇತ್ತ ಯುಫ್ತದ ವಿದ್ಯೆಯು ಇಪ್ಪತ್ತನೆಯ ಶತಮಾನದಲ್ಲಿ ಕೈಬಿಟ್ಟುಹೋಯಿತು. ಹಳೆಯ ಚರ್ಮಶಾಲೆಗಳವರು ಬಳಸುತ್ತಿದ್ದ ಹದವನ್ನು ಬಲ್ಲವರು ಉಳಿಯಲಿಲ್ಲ. ನಿಜವಾದ ರಷ್ಯದ ತೊಗಲನ್ನು ಮೂಸಿ ನೋಡಿದವರೇ ಅಪರೂಪವಾದರು. ಹೀಗಿರಲು 1973ರಲ್ಲಿ ಪ್ಲಿಮತ್ ಕೊಲ್ಲಿಯಲ್ಲಿ ಮುಳುಗುಗಾರರ ತಂಡವೊಂದಕ್ಕೆ ಕೆಸರಿನಲ್ಲಿ ಒಂದು ಗಂಟೆ ಸಿಕ್ಕಿತು. ಆ ಗಂಟೆಯ ಮೇಲೆ ಕೆತ್ತಿದ್ದ ಹೆಸರಿನಿಂದ ಅದು 1786ರ ಡಿಸೆಂಬರಿನಲ್ಲಿ ಮುಳುಗಿದ 'ಮೆಟ್ಟಾ ಕ್ಯಾಥರಿನ' ಎಂದು ಗೊತ್ತಾಯಿತು. ಕರಿಯ ಕೆಸರನ್ನು ಸರಿಸಿದಾಗ ತೊಗಲಿನ ಸುರುಳಿಗಳು ಕಟ್ಟು ಕಟ್ಟಾಗಿ ಹಾಗೆಯೇ ಬಿದ್ದಿದ್ದುವು. ಹೊರಗಿನ ಸುತ್ತುಗಳು ಕೆಟ್ಟಿದ್ದರೂ ಒಳಗಿನವು ಮೆತ್ತಗಿದ್ದುವು. ತೊಳೆದು ಒಣಗಿಸಿ ಎಣ್ಣೆಯೂಡಿದ ಬಳಿಕ ಅವುಗಳಿಂದ ಪಾದರಕ್ಷೆಗಳನ್ನೂ ಚೀಲಗಳನ್ನೂ ಹೊಲಿದರು. ಆ ತೊಗಲಿನ ಮಾದರಿಯನ್ನು ಮುಂದಿಟ್ಟುಕೊಂಡು ಇಂಗ್ಲೆಂಡಿನ ಡೆವನ್ ಪ್ರಾಂತದ ಚರ್ಮಶಾಲೆಯೊಂದು ಹಲವು ವರ್ಷ ಪ್ರಯೋಗ ಮಾಡಿ, ಭೂರ್ಜದ ಕೀಲೆಣ್ಣೆಯ ಆ ಹದವನ್ನು ಈ ಶತಮಾನದಲ್ಲಿ ಮತ್ತೆ ಸಾಧಿಸಿತು. ಸಮುದ್ರದ ತಳದಲ್ಲಿ ನೂರ ಎಂಬತ್ತಾರು ವರ್ಷ ನೆನೆದಿದ್ದ ಸುರುಳಿಗಳನ್ನು ದಡದ ಮೇಲೆ ಬಿಚ್ಚಿದವರ ಮೂಗಿಗೆ, ಕೆಸರಿನ ದುರ್ಗಂಧದ ಕೆಳಗಿನಿಂದ, ಮೊದಲು ಬಂದು ತಾಗಿದುದು ಹೊಗೆ.